ಅಯಾನೀಕರಿಸುವ ವಿಕಿರಣದಿಂದ ದ್ರಾವಣ ಹಾಗೂ ಅನಿಲಗಳಲ್ಲಿ ಉಂಟಾಗುವ ರಾಸಾಯನಿಕ ಕ್ರಿಯೆಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೃಷಿ ಉತ್ಪನ್ನ, ಸಾಂಬಾರ ಪದಾರ್ಥ, ವೈದ್ಯಕೀಯ ಸಾಮಗ್ರಿ ಮುಂತಾದವುಗಳನ್ನು ವಿಕಿರಣ ಸಂಸ್ಕರಣೆಗೆ ಒಳಪಡಿಸಲು ಬಯಸುವ ರೈತರು, ವರ್ತಕರು, ಸಣ್ಣ ಕೈಗಾರಿಕೋದ್ಯಮಿಗಳು ಹಾಗೂ ಇತರ ನಾಗರಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ವಿಕಿರಣಕ್ಕೆ ಒಳಪಟ್ಟ ವಸ್ತು ತಾನೇ ವಿಕಿರಣಶೀಲವಾಗುತ್ತದೆಯೇ, ದ್ರವರೂಪದ ಔಷಧಿಯನ್ನು ಈ ವಿಧಾನದಲ್ಲಿ ಶುದ್ಧೀಕರಿಸಬಹುದೇ, ಸಂಸ್ಕರಣಾ ಕೊಠಡಿಯನ್ನು ಕೂಡಲೇ ಏಕೆ ಪ್ರವೇಶಿಸಬಾರದು ಎಂಬ ಸಂದೇಹಗಳು ಅರ್ಜಿದಾರರಲ್ಲಿ ಉಂಟಾಗುವುದು ಸಹಜ. ವಿಕಿರಣವು ನೀರಿನಲ್ಲಿ, ದ್ರಾವಣಗಳಲ್ಲಿ ಮತ್ತು ಗಾಳಿಯಲ್ಲಿ ಯಾವ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತದೆ ಎಂಬುದನ್ನು ತಿಳಿದಲ್ಲಿ ಈ ಎಲ್ಲ ಸಂದೇಹಗಳಿಗೂ ಉತ್ತರ ದೊರೆಯುತ್ತದೆ. ವಿಜ್ಞಾನ ವಿಷಯವನ್ನು ಅಭ್ಯಸಿಸದವರಿಗೂ ತಿಳಿಯುವಂತೆ ವಿವರಗಳನ್ನು ಮುಂದಿನ ಕಂಡಿಕೆಗಳಲ್ಲಿ ನೀಡಲಾಗಿದೆ.

2. ಅಯಾನೀಕರಿಸುವ ವಿಕಿರಣ ಎಂದರೇನು?

ಅಣು ಅಥವಾ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಹೊರದೂಡಲು ಸಾಕಾಗುವಷ್ಟು ಶಕ್ತಿಯುಳ್ಳ ವಿಕಿರಣವನ್ನು ಅಯಾನೀಕರಿಸುವ ವಿಕಿರಣ ಎನ್ನಲಾಗುತ್ತದೆ. ಆಲ್ಫಾ ಕಣಗಳು, ಬೀಟಾ ಕಣಗಳು, ವೇಗವರ್ಧಕ ಯಂತ್ರದಿಂದ ಹೊರಡುವ ಎಲೆಕ್ಟ್ರಾನ್ ದೂಲ, ಎಕ್ಸ್-ಕಿರಣ ಹಾಗೂ ಗಾಮಾ ಕಿರಣಗಳು ಈ ವರ್ಗಕ್ಕೆ ಸೇರುತ್ತವೆ.

ನೀರಿನ ಒಂದು ಅಣುವನ್ನು ಅಯಾನೀಕರಿಸಲು ಸುಮಾರು 12.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿರುವ ಶಕ್ತಿಯು 2ರಿಂದ 3 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಮೊಬೈಲ್ ದೂರವಾಣಿಯ ರೇಡಿಯೋ ಅಲೆಗಳ ಕಣದ ಶಕ್ತಿಯು ಒಂದು ಎಲೆಕ್ಟ್ರಾನ್ ವೋಲ್ಟಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದುದರಿಂದ ಇವೆರಡೂ ನೀರನ್ನು ಅಯಾನೀಕರಿಸಲಾರವು. ಸಂಸ್ಕರಣಾ ಘಟಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕೋಬಾಲ್ಟ್-60 ಧಾತುವಿನ ಗಾಮಾ ಕಿರಣಗಳ ಶಕ್ತಿಯಾದರೋ 11.7 ಲಕ್ಷ ಹಾಗೂ 13.3 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಇಂತಹ ಒಂದೇ ಕಿರಣವು ವಸ್ತುವಿನೊಳಗೆ ವೇಗದ ಎಲೆಕ್ಟ್ರಾನುಗಳನ್ನು ಎಬ್ಬಿಸಿ, ಅವುಗಳ ಮೂಲಕ ಸಾವಿರಾರು ಅಣುಗಳನ್ನು ಅಯಾನೀಕರಿಸಬಲ್ಲದು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷಗಳು; ಅಂದರೆ ಅಷ್ಟು ಅವಧಿಯಲ್ಲಿ ಅದರ ತೀವ್ರತೆ ಅರ್ಧಕ್ಕೆ ಇಳಿಯುತ್ತದೆ.

3. ಹಿನ್ನೆಲೆ

1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣವನ್ನೂ, 1896ರಲ್ಲಿ ಬೆಕೆರೆಲ್ ವಿಕಿರಣಶೀಲತೆಯನ್ನೂ, 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನೂ ಕಂಡುಹಿಡಿದರು. ರೇಡಿಯಂ ಇರಿಸಿದ ಗಾಜಿನ ಪಾತ್ರೆ ಬಣ್ಣಗೆಡುವುದನ್ನೂ, ಸುತ್ತಲಿನ ಗಾಳಿಯಲ್ಲಿ ಓಜೋನ್ ಉತ್ಪತ್ತಿಯಾಗುವುದನ್ನೂ ಕ್ಯೂರಿ ದಂಪತಿಗಳು ಆರಂಭದಲ್ಲಿಯೇ ಗಮನಿಸಿದ್ದರು. ರೇಡಿಯಂ ಲವಣವನ್ನು ನೀರಿನಲ್ಲಿ ಕರಗಿಸಿದಾಗ ಎಡೆಬಿಡದೆ ಅನಿಲದ ಗುಳ್ಳೆಗಳು ಏಳುವುದನ್ನು ಜರ್ಮನಿಯ ಗೀಸೆಲ್ 20ನೇ ಶತಮಾನದ ಆರಂಭದಲ್ಲಿ ಕಂಡರು. ಆ ಅನಿಲವು ಜಲಜನಕ ಮತ್ತು ಆಮ್ಲಜನಕವೆಂದು ತಿಳಿದುಬಂದಿತು. ವಿಕಿರಣದಿಂದ ನೀರು ಒಡೆಯುವ ಈ ಕ್ರಿಯೆಗೆ ‘ವಿಕಿರಣ ವಿಭಜನೆ’ ಎಂದು ಹೆಸರು. 1914ರಲ್ಲಿ ಫ್ರಾನ್ಸಿನ ದೆಬಿಯರ್ನ್, ನೀರಿನ ಅಣುವು ಮೊದಲು ಅಲ್ಪಾಯುಷಿಗಳಾದ ತುಣುಕುಗಳಾಗಿ ಒಡೆಯುತ್ತದೆಂದು ಸೂಚಿಸಿದರು. ಈ ತುಣುಕುಗಳನ್ನು ಇಂದು ಮುಕ್ತ ರ್ಯಾಡಿಕಲ್‌ಗಳೆಂದು ಕರೆಯಲಾಗುತ್ತದೆ.

4. ವಿಕಿರಣದ ಪ್ರಮಾಣವನ್ನು ಅಳೆಯುವ ಬಗೆ

ವಸ್ತುವು ಹೀರಿಕೊಂಡ ವಿಕಿರಣ ಶಕ್ತಿಯನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡಲ್ಲಿ ಅದು ಒಂದು ಗ್ರೇ. ಸಾವಿರ ಗ್ರೇ ಸೇರಿದರೆ ಒಂದು ಕಿಲೋಗ್ರೇ.

ಶಾಖದ ದೃಷ್ಟಿಯಿಂದ ನೋಡಿದಲ್ಲಿ ಇದು ಅತ್ಯಲ್ಪ. ಒಂದು ಗ್ರೇ ಪ್ರಮಾಣದಿಂದ ನೀರಿನ ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್‌ನ ನಾಲ್ಕು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ ಏರುತ್ತದೆ. ವೈದ್ಯಕೀಯ ಸಾಮಗ್ರಿಗಳ ಕ್ರಿಮಿಶುದ್ಧೀಕರಣಕ್ಕೆ ನೀಡುವ 25 ಕಿಲೋಗ್ರೇ ಪ್ರಮಾಣದಿಂದಲೂ ನೀರು ಸುಮಾರು 6 ಡಿಗ್ರಿಯಷ್ಟು ಬೆಚ್ಚಗಾಗುವುದು. ಈ ಕಾರಣದಿಂದ ಇದನ್ನು ‘ಶೀತಲ ಶುದ್ಧೀಕರಣ’ ಎಂದೂ ಕರೆಯುವುದುಂಟು.

ಆದರೆ ಇಡೀ ಶರೀರಕ್ಕೆ ಅಲ್ಪಾವಧಿಯಲ್ಲಿ ಸುಮಾರು 4 ಗ್ರೇ ವಿಕಿರಣ ತಗುಲಿ ಚಿಕಿತ್ಸೆ ದೊರೆಯದಿದ್ದಲ್ಲಿ, ಅದಕ್ಕೆ ಒಳಗಾದವರಲ್ಲಿ ಅರ್ಧದಷ್ಟು ಜನರು ಮರಣ ಹೊಂದಬಹುದು. ಒಂದು ಗುಟುಕು ಬಿಸಿ ಚಹಾದಿಂದ ಶರೀರಕ್ಕೆ ಸೇರುವ ಶಾಖವು ಈ ಶಕ್ತಿಗಿಂತ ಅಧಿಕ. ಹಾನಿಯು ಶಾಖದಿಂದಲ್ಲ; ನಿರ್ದಿಷ್ಟ ಅಣುಗಳು ಒಡೆಯುವುದರಿಂದ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಿಕಿರಣದ ಉಪಯೋಗ ಮತ್ತು ಅಪಾಯ ಎರಡಕ್ಕೂ ಈ ರಾಸಾಯನಿಕ ಕ್ರಿಯೆಯೇ ಮೂಲ.

5. ನೀರಿನಲ್ಲಿ ನಡೆಯುವ ಕ್ರಿಯೆಗಳು

ನೀರಿನ ಮೂಲಕ ವೇಗದ ಎಲೆಕ್ಟ್ರಾನ್ ಹಾದುಹೋದಾಗ ಈ ಕೆಳಕಂಡ ಹಂತಗಳು ಅನುಕ್ರಮವಾಗಿ ಜರುಗುತ್ತವೆ.

(ಅ) ಮೊದಲನೆಯ ಹಂತ: ಹಾದಿಯಲ್ಲಿರುವ ಕೆಲವು ನೀರಿನ ಅಣುಗಳು ತಲಾ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಧನ ಅಯಾನುಗಳಾಗುತ್ತವೆ. ಇನ್ನು ಕೆಲವು ಅಧಿಕ ಶಕ್ತಿ ಪಡೆದು ಉದ್ರೇಕಗೊಳ್ಳುತ್ತವೆ. ಈ ಹಂತವು ಸೆಕೆಂಡಿನ ಕೋಟಿ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಮುಗಿಯುತ್ತದೆ.

(ಆ) ಎರಡನೆಯ ಹಂತ: ಧನ ಅಯಾನು ಪಕ್ಕದ ನೀರಿನ ಅಣುವಿಗೆ ಒಂದು ಪ್ರೋಟಾನನ್ನು ಬಿಟ್ಟುಕೊಟ್ಟು ಹೈಡ್ರಾಕ್ಸಿಲ್ ರ್ಯಾಡಿಕಲ್ ಆಗುತ್ತದೆ. ಹೊರಬಿದ್ದ ಎಲೆಕ್ಟ್ರಾನ್ ತನ್ನ ವೇಗವನ್ನು ಕಳೆದುಕೊಂಡು ನಿಲ್ಲುತ್ತದೆ. ಸುತ್ತಲಿನ ನೀರಿನ ಅಣುಗಳು ಅದರತ್ತ ಮುಖ ಮಾಡಿ ಅದನ್ನು ಆವರಿಸುತ್ತವೆ. ಇದಕ್ಕೆ ಜಲಾವೃತ ಎಲೆಕ್ಟ್ರಾನ್ ಎಂದು ಹೆಸರು. ಉದ್ರೇಕಗೊಂಡ ಅಣುಗಳು ಜಲಜನಕದ ಪರಮಾಣು ಹಾಗೂ ಹೈಡ್ರಾಕ್ಸಿಲ್ ಆಗಿ ಒಡೆಯುತ್ತವೆ.

(ಇ) ಮೂರನೆಯ ಹಂತ: ಈ ತುಣುಕುಗಳು ನೀರಿನ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ, ಕಿರಣದ ಹಾದಿಯುದ್ದಕ್ಕೂ ಚಿಕ್ಕ ಚಿಕ್ಕ ಗುಚ್ಛಗಳಾಗಿರುತ್ತವೆ. ಅವು ಹರಡಿಕೊಳ್ಳುವಷ್ಟರಲ್ಲಿ ಕೆಲವು ಪರಸ್ಪರ ಸೇರುತ್ತವೆ. ಎರಡು ಹೈಡ್ರಾಕ್ಸಿಲ್ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಜಲಾವೃತ ಎಲೆಕ್ಟ್ರಾನುಗಳು ಅಥವಾ ಜಲಜನಕದ ಪರಮಾಣುಗಳು ಎರಡೆರಡಾಗಿ ಸೇರಿ ಜಲಜನಕ ಅನಿಲವಾಗುತ್ತದೆ. ಕೆಲವು ಮರಳಿ ನೀರೇ ಆಗುತ್ತವೆ. ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು ಸಮಯದಲ್ಲಿ ಈ ಹಂತ ಪೂರ್ಣಗೊಳ್ಳುತ್ತದೆ. ಅಲ್ಲಿಂದಾಚೆಗೆ ಉಳಿದ ರ್ಯಾಡಿಕಲ್‌ಗಳು ನೀರಿನಲ್ಲಿ ಕರಗಿರುವ ಇತರ ವಸ್ತುಗಳ ಮೇಲೆ ವರ್ತಿಸುತ್ತವೆ.

ಜಲಾವೃತ ಎಲೆಕ್ಟ್ರಾನಿನ ಇರುವಿಕೆಯನ್ನು 1962ರಲ್ಲಿ ಹಾರ್ಟ್ ಮತ್ತು ಬೋಗ್ ಎಂಬ ವಿಜ್ಞಾನಿಗಳು ನಿಸ್ಸಂದೇಹವಾಗಿ ತೋರಿಸಿಕೊಟ್ಟರು. ಅತ್ಯಲ್ಪ ಅವಧಿಯ ಎಲೆಕ್ಟ್ರಾನ್ ಮಿಡಿತವನ್ನು ನೀರಿನ ಮೇಲೆ ಹಾಯಿಸಿ, ಅದೇ ಕ್ಷಣದಲ್ಲಿ ನೀರು ಯಾವ ಬೆಳಕನ್ನು ಹೀರಿಕೊಳ್ಳುತ್ತದೆಂದು ಅವರು ಪರೀಕ್ಷಿಸಿದರು. ಸುಮಾರು 720 ನ್ಯಾನೋಮೀಟರ್ ತರಂಗದೂರದ ಕೆಂಪು ಬೆಳಕನ್ನು ಬಲವಾಗಿ ಹೀರಿಕೊಳ್ಳುವ ವಸ್ತುವೊಂದು ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಜಲಾವೃತ ಎಲೆಕ್ಟ್ರಾನ್ ಅದೇ ಆಗಿತ್ತು.

6. ಉತ್ಪನ್ನಗಳ ಲೆಕ್ಕ

ನೀರು ಹೀರಿಕೊಂಡ ಪ್ರತಿ 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಎಷ್ಟು ಅಣುಗಳು ಉತ್ಪತ್ತಿಯಾಗುತ್ತವೆ ಎಂಬ ಸಂಖ್ಯೆಯನ್ನು ‘ಜಿ-ಮೌಲ್ಯ’ ಎನ್ನುತ್ತಾರೆ. ಗಾಮಾ ಕಿರಣಕ್ಕೆ ಒಳಪಟ್ಟ ತಟಸ್ಥ ನೀರಿಗೆ ಈ ಮೌಲ್ಯಗಳು ಸರಿಸುಮಾರು ಕೆಳಕಂಡಂತಿವೆ.

ಜಲಾವೃತ ಎಲೆಕ್ಟ್ರಾನ್ – 2.65
ಜಲಜನಕದ ಪರಮಾಣು – 0.55
ಜಲಜನಕ ಅನಿಲ – 0.45
ಹೈಡ್ರಾಕ್ಸಿಲ್ ರ್ಯಾಡಿಕಲ್ – 2.70
ಹೈಡ್ರೋಜನ್ ಪೆರಾಕ್ಸೈಡ್ – 0.70

ಈ ಲೆಕ್ಕವನ್ನು ಜಮಾ-ಖರ್ಚಿನಂತೆ ತಾಳೆ ನೋಡಬಹುದು. ಮೊದಲ ಮೂರು ಬಾಬುಗಳು ಜಲಜನಕದ ಪಕ್ಷಕ್ಕೂ, ಕೊನೆಯ ಎರಡು ಹೈಡ್ರಾಕ್ಸಿಲ್ ಪಕ್ಷಕ್ಕೂ ಸೇರಿದವು. ಜಲಜನಕ ಅನಿಲದ ಪ್ರತಿ ಅಣುವಿಗೂ, ಪೆರಾಕ್ಸೈಡಿನ ಪ್ರತಿ ಅಣುವಿಗೂ ಎರಡೆರಡು ತುಣುಕುಗಳು ವೆಚ್ಚವಾಗುವುದರಿಂದ ಅವುಗಳನ್ನು ಎರಡರಿಂದ ಗುಣಿಸಬೇಕು. ಆಗ ಒಂದು ಪಕ್ಷದಲ್ಲಿ 2.65, 0.55 ಮತ್ತು 0.90 ಸೇರಿ 4.10, ಇನ್ನೊಂದು ಪಕ್ಷದಲ್ಲಿ 2.70 ಮತ್ತು 1.40 ಸೇರಿ 4.10. ನೀರಿನ ಅಣುವಿನ ಎರಡೂ ಭಾಗಗಳ ಲೆಕ್ಕವು ಸರಿಹೊಂದುತ್ತದೆ.

ಆಲ್ಫಾ ಕಣದ ಸಂದರ್ಭದಲ್ಲಿ ಚಿತ್ರ ಬೇರೆ. ಅದು ತನ್ನ ಸಮಸ್ತ ಶಕ್ತಿಯನ್ನು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ದೂರದಲ್ಲಿ ಸುರಿದುಬಿಡುತ್ತದೆ. ತುಣುಕುಗಳು ಒತ್ತೊತ್ತಾಗಿ ಹುಟ್ಟುವುದರಿಂದ ಹೆಚ್ಚಿನವು ಪರಸ್ಪರ ಸೇರಿಕೊಂಡು ಜಲಜನಕ ಅನಿಲ ಹಾಗೂ ಪೆರಾಕ್ಸೈಡ್ ಅಧಿಕವಾಗುತ್ತವೆ. ಬಿಡಿಯಾಗಿ ಉಳಿಯುವ ರ್ಯಾಡಿಕಲ್‌ಗಳು ಕಡಿಮೆಯಾಗುತ್ತವೆ. ರೇಡಿಯಂ ದ್ರಾವಣದಲ್ಲಿ ಗೀಸೆಲ್ ಕಂಡ ಗುಳ್ಳೆಗಳಿಗೆ ಇದೇ ಕಾರಣ. ಶುದ್ಧ ನೀರನ್ನು ಮುಚ್ಚಿದ ಪಾತ್ರೆಯಲ್ಲಿರಿಸಿ ಗಾಮಾ ಕಿರಣ ಹಾಯಿಸಿದಾಗ ಗುಳ್ಳೆಗಳು ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಹೈಡ್ರಾಕ್ಸಿಲ್ ಜಲಜನಕ ಅನಿಲದ ಮೇಲೂ, ಜಲಜನಕದ ಪರಮಾಣು ಪೆರಾಕ್ಸೈಡಿನ ಮೇಲೂ ವರ್ತಿಸಿ, ಎರಡನ್ನೂ ಪುನಃ ನೀರಾಗಿಸುತ್ತವೆ.

7. ದ್ರಾವಣಗಳ ಮೇಲಿನ ಪರಿಣಾಮ

ದ್ರಾವಣದಲ್ಲಿ ಬಹುಪಾಲು ಇರುವುದು ನೀರು. ಆದುದರಿಂದ ವಿಕಿರಣದ ಶಕ್ತಿಯನ್ನು ಹೀರಿಕೊಳ್ಳುವುದೂ ಬಹುಪಾಲು ನೀರೇ. ಕರಗಿರುವ ವಸ್ತುವು ವಿಕಿರಣದ ನೇರ ಹೊಡೆತಕ್ಕೆ ಸಿಲುಕುವುದು ಅಪರೂಪ. ನೀರಿನಿಂದ ಹುಟ್ಟಿದ ರ್ಯಾಡಿಕಲ್‌ಗಳ ದಾಳಿಗೆ ಅದು ಒಳಗಾಗುತ್ತದೆ. ಇದನ್ನು ಪರೋಕ್ಷ ಪರಿಣಾಮ ಎನ್ನುತ್ತಾರೆ. ಹೈಡ್ರಾಕ್ಸಿಲ್ ಪ್ರಬಲ ಉತ್ಕರ್ಷಣಕಾರಿ; ಎದುರಾದ ಬಹುತೇಕ ಎಲ್ಲ ಸಾವಯವ ವಸ್ತುಗಳಿಂದ ಜಲಜನಕವನ್ನು ಕಿತ್ತುಕೊಳ್ಳುತ್ತದೆ ಇಲ್ಲವೇ ಅವುಗಳಿಗೆ ಅಂಟಿಕೊಳ್ಳುತ್ತದೆ. ಜಲಾವೃತ ಎಲೆಕ್ಟ್ರಾನ್ ಅಷ್ಟೇ ಪ್ರಬಲವಾದ ಅಪಕರ್ಷಣಕಾರಿ. ಒಂದೇ ದ್ರಾವಣದಲ್ಲಿ ಈ ಎರಡೂ ಏಕಕಾಲಕ್ಕೆ ಇರುವುದು ವಿಕಿರಣ ರಸಾಯನದ ವೈಶಿಷ್ಟ್ಯವಾಗಿದೆ.

ಇದರಿಂದ ಉಂಟಾಗುವ ಮುಖ್ಯ ಫಲಿತಾಂಶಗಳು:

(ಅ) ತೆಳು ದ್ರಾವಣಕ್ಕೆ ಹಾನಿ ಹೆಚ್ಚು. ನಿಗದಿತ ಪ್ರಮಾಣದ ವಿಕಿರಣಕ್ಕೆ ಹುಟ್ಟುವ ರ್ಯಾಡಿಕಲ್‌ಗಳ ಸಂಖ್ಯೆಯೂ ನಿಗದಿತ. ಅವು ನಾಶಪಡಿಸುವ ಅಣುಗಳ ಸಂಖ್ಯೆ ದ್ರಾವಣ ಗಾಢವಾಗಿದ್ದರೂ ತೆಳುವಾಗಿದ್ದರೂ ಹೆಚ್ಚುಕಡಿಮೆ ಒಂದೇ. ಆದರೆ ತೆಳು ದ್ರಾವಣದಲ್ಲಿ ಆ ಸಂಖ್ಯೆಯು ಒಟ್ಟು ಅಣುಗಳ ದೊಡ್ಡ ಪಾಲಾಗುತ್ತದೆ. ಉದಾಹರಣೆಗೆ, 25 ಕಿಲೋಗ್ರೇ ಪ್ರಮಾಣಕ್ಕೆ ಒಂದು ಲೀಟರ್ ನೀರಿನಲ್ಲಿ ಸುಮಾರು 7 ಮಿಲಿಮೋಲ್ ಹೈಡ್ರಾಕ್ಸಿಲ್ ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಒಂದು ಮಿಲಿಮೋಲ್ ಮಾತ್ರ ಔಷಧಿ ಕರಗಿದ್ದಲ್ಲಿ ಅದನ್ನು ಕೆಡಿಸಲು ಇಷ್ಟು ಧಾರಾಳವಾಗಿ ಸಾಕು.

(ಆ) ಒಣ ವಸ್ತು ಹಾಗೂ ಹೆಪ್ಪುಗಟ್ಟಿದ ವಸ್ತುಗಳಿಗೆ ಹಾನಿ ಕಡಿಮೆ. ಒಣ ಪುಡಿಯಲ್ಲಿ ನೀರಿನ ರ್ಯಾಡಿಕಲ್‌ಗಳೇ ವಿರಳ. ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಅವು ಹುಟ್ಟಿದರೂ ಚಲಿಸಲಾರದೆ ಹುಟ್ಟಿದಲ್ಲಿಯೇ ಪರಸ್ಪರ ಸೇರಿ ಕೊನೆಗೊಳ್ಳುತ್ತವೆ.

(ಇ) ಕರಗಿದ ಆಮ್ಲಜನಕ ಕ್ರಿಯೆಯ ದಿಕ್ಕನ್ನು ಬದಲಿಸುತ್ತದೆ. ಜಲಾವೃತ ಎಲೆಕ್ಟ್ರಾನ್ ಹಾಗೂ ಜಲಜನಕದ ಪರಮಾಣುಗಳನ್ನು ಆಮ್ಲಜನಕವು ಹಿಡಿದು ಸೂಪರ್‌ಆಕ್ಸೈಡ್ ಎಂಬ ರೂಪಕ್ಕೆ ತಿರುಗಿಸುತ್ತದೆ. ಕೊನೆಯಲ್ಲಿ ಪೆರಾಕ್ಸೈಡಿನ ಪ್ರಮಾಣ ಏರುತ್ತದೆ. ನೈಟ್ರಸ್ ಆಕ್ಸೈಡ್ ಅನಿಲವನ್ನು ಕರಗಿಸಿದಲ್ಲಿ ಜಲಾವೃತ ಎಲೆಕ್ಟ್ರಾನುಗಳು ಹೈಡ್ರಾಕ್ಸಿಲ್ ಆಗಿ ಮಾರ್ಪಡುತ್ತವೆ. ಪ್ರಯೋಗಾಲಯಗಳಲ್ಲಿ ಒಂದೊಂದು ರ್ಯಾಡಿಕಲ್‌ನ ವರ್ತನೆಯನ್ನು ಪ್ರತ್ಯೇಕವಾಗಿ ಅಭ್ಯಸಿಸಲು ಈ ಉಪಾಯವನ್ನು ಬಳಸಲಾಗುತ್ತದೆ.

(ಈ) ರಕ್ಷಕ ವಸ್ತುಗಳು. ಆಲ್ಕೋಹಾಲ್, ಸಕ್ಕರೆ, ಪ್ರೋಟೀನ್ ಮುಂತಾದವು ದ್ರಾವಣದಲ್ಲಿ ಅಧಿಕವಾಗಿದ್ದಲ್ಲಿ ರ್ಯಾಡಿಕಲ್‌ಗಳ ದಾಳಿಯನ್ನು ತಾವೇ ಸ್ವೀಕರಿಸಿ ಇತರ ವಸ್ತುಗಳನ್ನು ಕಾಪಾಡುತ್ತವೆ. ಆಹಾರದಲ್ಲಿರುವ ಜೀವಸತ್ವಗಳು ಶುದ್ಧ ನೀರಿನಲ್ಲಿ ಕರಗಿದಾಗ ಕೆಡುವಷ್ಟು ಆಹಾರದೊಳಗೆ ಕೆಡದಿರಲು ಇದು ಒಂದು ಕಾರಣ.

ಇದೇ ಪರೋಕ್ಷ ಪರಿಣಾಮವನ್ನು ಉಪಯೋಗಕ್ಕೂ ತರಲಾಗಿದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿರುವ ಬಣ್ಣದ ಅಣುಗಳು ಸುಲಭವಾಗಿ ಕೊಳೆಯುವುದಿಲ್ಲ. ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ದಿನಕ್ಕೆ 10,000 ಘನ ಮೀಟರ್ ಇಂತಹ ನೀರನ್ನು ಎಲೆಕ್ಟ್ರಾನ್ ದೂಲದಿಂದ ಸಂಸ್ಕರಿಸುವ ಘಟಕವನ್ನು ಸ್ಥಾಪಿಸಲಾಯಿತು. ರ್ಯಾಡಿಕಲ್‌ಗಳು ದೊಡ್ಡ ಅಣುಗಳನ್ನು ಒಡೆದ ಬಳಿಕ ಉಳಿದ ಕೆಲಸವನ್ನು ಸೂಕ್ಷ್ಮಜೀವಿಗಳು ಪೂರೈಸುತ್ತವೆ.

8. ಪ್ರಮಾಣವನ್ನು ದೃಢೀಕರಿಸುವ ದ್ರಾವಣಗಳು

ವಸ್ತುವಿಗೆ ಎಷ್ಟು ವಿಕಿರಣ ತಗುಲಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಇದನ್ನು ತಿಳಿಯಲು ರಾಸಾಯನಿಕ ಕ್ರಿಯೆಯನ್ನೇ ಅಳತೆಗೋಲಾಗಿ ಬಳಸಲಾಗುತ್ತದೆ. 1927ರಲ್ಲಿ ಹ್ಯೂಗೋ ಫ್ರಿಕೆ ಎಂಬ ವಿಜ್ಞಾನಿ ರೂಪಿಸಿದ ವಿಧಾನವು ಇಂದಿಗೂ ಮಾನ್ಯವಾಗಿದೆ. ಸಲ್ಫ್ಯೂರಿಕ್ ಆಮ್ಲ ಬೆರೆತ ನೀರಿನಲ್ಲಿ ಫೆರಸ್ ಸಲ್ಫೇಟನ್ನು ಕರಗಿಸಿ ವಿಕಿರಣಕ್ಕೆ ಒಡ್ಡಿದಲ್ಲಿ ಫೆರಸ್ ಕಬ್ಬಿಣವು ಫೆರಿಕ್ ಕಬ್ಬಿಣವಾಗುತ್ತದೆ. ಫೆರಿಕ್ ಕಬ್ಬಿಣವು 304 ನ್ಯಾನೋಮೀಟರ್ ತರಂಗದೂರದ ಅತಿನೇರಳೆ ಬೆಳಕನ್ನು ಎಷ್ಟು ಹೀರಿಕೊಳ್ಳುತ್ತದೆಂದು ನೋಡಿ ವಿಕಿರಣದ ಪ್ರಮಾಣವನ್ನು ನಿರ್ಧರಿಸಲಾಗುತ್ತದೆ.

ಇದರ ಲೆಕ್ಕವು ಕುತೂಹಲಕರವಾಗಿದೆ. ಆಮ್ಲದಲ್ಲಿ ಜಲಾವೃತ ಎಲೆಕ್ಟ್ರಾನುಗಳೆಲ್ಲವೂ ಜಲಜನಕದ ಪರಮಾಣುಗಳಾಗಿಬಿಡುತ್ತವೆ. ಗಾಳಿಯಿಂದ ಕರಗಿದ ಆಮ್ಲಜನಕವಿದ್ದಲ್ಲಿ,

– ಪ್ರತಿ ಜಲಜನಕದ ಪರಮಾಣು 3 ಫೆರಸ್ ಅಯಾನುಗಳನ್ನು ಪರಿವರ್ತಿಸುತ್ತದೆ: 3.65 × 3 = 10.95
– ಪ್ರತಿ ಹೈಡ್ರಾಕ್ಸಿಲ್ 1 ಅಯಾನನ್ನು ಪರಿವರ್ತಿಸುತ್ತದೆ: 2.95 × 1 = 2.95
– ಪ್ರತಿ ಪೆರಾಕ್ಸೈಡ್ ಅಣು 2 ಅಯಾನುಗಳನ್ನು ಪರಿವರ್ತಿಸುತ್ತದೆ: 0.80 × 2 = 1.60

ಒಟ್ಟು 15.50. ಪ್ರಯೋಗದಿಂದ ದೊರೆಯುವ ಮೌಲ್ಯವೂ ಇದೇ. ಆಮ್ಲಜನಕವನ್ನು ತೆಗೆದುಹಾಕಿದಲ್ಲಿ ಜಲಜನಕದ ಪರಮಾಣು ಒಂದೇ ಒಂದು ಅಯಾನನ್ನು ಪರಿವರ್ತಿಸಬಲ್ಲದು. ಆಗ ಒಟ್ಟು ಮೊತ್ತ 8.2ಕ್ಕೆ ಇಳಿಯುತ್ತದೆ. ಅಂದರೆ ಅದೇ ವಿಕಿರಣ, ಅದೇ ಕಬ್ಬಿಣ. ಕರಗಿದ ಗಾಳಿಯ ಇರುವಿಕೆಯಿಂದ ಫಲಿತಾಂಶವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದ್ರಾವಣದ ಶುದ್ಧತೆಯ ಬಗ್ಗೆ ಪ್ರಯೋಗಾಲಯಗಳು ಕಟ್ಟುನಿಟ್ಟಾಗಿರುವುದು ಇದೇ ಕಾರಣದಿಂದ.

ಫ್ರಿಕೆ ದ್ರಾವಣವು ಸುಮಾರು 40ರಿಂದ 400 ಗ್ರೇವರೆಗಿನ ಅಳತೆಗೆ ಸೂಕ್ತ. ಕಿಲೋಗ್ರೇ ಮಟ್ಟದ ಪ್ರಮಾಣಗಳಿಗೆ ಸೀರಿಕ್-ಸೀರಸ್ ಸಲ್ಫೇಟ್ ದ್ರಾವಣವನ್ನು ಬಳಸಬಹುದಾಗಿದೆ. ಇದರಲ್ಲಿ ಜಲಜನಕದ ಪರಮಾಣು ಹಾಗೂ ಪೆರಾಕ್ಸೈಡ್ ಹಳದಿ ಬಣ್ಣದ ಸೀರಿಕ್ ಅಯಾನನ್ನು ಬಣ್ಣರಹಿತ ಸೀರಸ್ ಆಗಿ ಪರಿವರ್ತಿಸಿದರೆ, ಹೈಡ್ರಾಕ್ಸಿಲ್ ಅದನ್ನು ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಆದುದರಿಂದ ನಿವ್ವಳ ಬದಲಾವಣೆ ಕಡಿಮೆಯಿದ್ದು, ಹೆಚ್ಚಿನ ಪ್ರಮಾಣವನ್ನು ಅಳೆಯಲು ಅನುಕೂಲವಾಗುತ್ತದೆ.

9. ಅನಿಲಗಳಲ್ಲಿ ನಡೆಯುವ ಕ್ರಿಯೆಗಳು

ಗಾಳಿಯಲ್ಲಿ ಒಂದು ಜೋಡಿ ಅಯಾನುಗಳನ್ನು ಉಂಟುಮಾಡಲು ಸರಾಸರಿ 34 ಎಲೆಕ್ಟ್ರಾನ್ ವೋಲ್ಟ್ ವೆಚ್ಚವಾಗುತ್ತದೆ. ಇದು ಅಯಾನೀಕರಣಕ್ಕೆ ನಿಜವಾಗಿ ಬೇಕಾಗುವ ಶಕ್ತಿಯ ಎರಡರಷ್ಟಕ್ಕಿಂತ ಅಧಿಕ. ಉಳಿದ ಶಕ್ತಿಯು ಅಣುಗಳನ್ನು ಉದ್ರೇಕಗೊಳಿಸಲು ವಿನಿಯೋಗವಾಗುತ್ತದೆ. ದ್ರವದಲ್ಲಿ ಒಡೆದ ತುಣುಕುಗಳನ್ನು ಸುತ್ತಲಿನ ಅಣುಗಳು ಪಂಜರದಂತೆ ಹಿಡಿದಿಡುವುದರಿಂದ ಅನೇಕ ತುಣುಕುಗಳು ಮತ್ತೆ ಕೂಡಿಕೊಳ್ಳುತ್ತವೆ. ಅನಿಲದಲ್ಲಿ ಅಂತಹ ಪಂಜರವಿಲ್ಲ; ತುಣುಕುಗಳು ದೂರ ಸರಿದು ಬೇರೆ ಅಣುಗಳೊಡನೆ ವರ್ತಿಸುತ್ತವೆ.

ಅನಿಲಗಳ ಮೇಲೆ ಆಲ್ಫಾ ಕಣಗಳ ಪರಿಣಾಮವನ್ನು ಕ್ರಮಬದ್ಧವಾಗಿ ಅಭ್ಯಸಿಸಿದ ಅಮೆರಿಕದ ಎಸ್.ಸಿ. ಲಿಂಡ್ 1921ರಲ್ಲಿ ಈ ಕುರಿತು ಗ್ರಂಥವನ್ನು ಪ್ರಕಟಿಸಿದರು. ಒಂದು ಅಯಾನು ಜೋಡಿಗೆ ಎಷ್ಟು ಅಣುಗಳು ಮಾರ್ಪಡುತ್ತವೆ ಎಂಬುದು ಅವರ ಲೆಕ್ಕದ ಆಧಾರವಾಗಿತ್ತು. ಅಸಿಟಿಲೀನ್ ಅನಿಲದಲ್ಲಿ ಒಂದು ಜೋಡಿಗೆ ಸುಮಾರು 20 ಅಣುಗಳು ಒಂದಕ್ಕೊಂದು ಸೇರಿ ಘನ ಪುಡಿಯಾಗುತ್ತವೆ. ಜಲಜನಕ ಮತ್ತು ಕ್ಲೋರಿನ್ ಮಿಶ್ರಣದಲ್ಲಿ ಸರಪಳಿ ಕ್ರಿಯೆ ನಡೆದು, ಒಂದೇ ಜೋಡಿಯಿಂದ ಸಾವಿರಾರು ಅಣುಗಳು ಹೈಡ್ರೋಜನ್ ಕ್ಲೋರೈಡ್ ಆಗಬಲ್ಲವು.

ಸಾರ್ವಜನಿಕರಿಗೆ ಹೆಚ್ಚು ಸಂಬಂಧಪಟ್ಟಿರುವುದು ಗಾಳಿ. ಗಾಳಿಯಲ್ಲಿರುವ ಆಮ್ಲಜನಕದ ಅಣುವು ವಿಕಿರಣದಿಂದ ಒಡೆದು ಎರಡು ಪರಮಾಣುಗಳಾಗುತ್ತದೆ. ಒಂದೊಂದು ಪರಮಾಣು ಇನ್ನೊಂದು ಆಮ್ಲಜನಕದ ಅಣುವಿಗೆ ಸೇರಿ ಓಜೋನ್ ಆಗುತ್ತದೆ. ಸಾರಜನಕವು ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ತೇವಾಂಶವಿದ್ದಲ್ಲಿ ಕೊನೆಗೆ ನೈಟ್ರಿಕ್ ಆಮ್ಲ ಉಂಟಾಗಿ ಲೋಹದ ಭಾಗಗಳನ್ನು ತಿನ್ನುತ್ತದೆ. ಓಜೋನ್ ಕಟುವಾಸನೆಯುಳ್ಳ, ಶ್ವಾಸಕೋಶಕ್ಕೆ ಹಾನಿಕರವಾದ ಅನಿಲ. ಕೆಲಸದ ಸ್ಥಳದ ಗಾಳಿಯಲ್ಲಿ ಅದರ ಪ್ರಮಾಣವು ಹತ್ತು ಲಕ್ಷ ಭಾಗಗಳಲ್ಲಿ 0.1 ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಅನುಸರಿಸಲಾಗುವ ಮಿತಿ. ವಿಕಿರಣ ಮೂಲವನ್ನು ನೀರಿನ ಕೊಳಕ್ಕೆ ಇಳಿಸಿದೊಡನೆ ಕೊಠಡಿಯಲ್ಲಿ ಗಾಮಾ ಕಿರಣ ಇಲ್ಲವಾಗುತ್ತದೆ. ಆದರೆ ಅಷ್ಟರಲ್ಲಿ ಹುಟ್ಟಿದ ಓಜೋನ್ ಉಳಿದಿರುತ್ತದೆ. ಗಾಳಿಯಾಡಿಸುವ ಯಂತ್ರ ಚಾಲನೆಯಲ್ಲಿದ್ದು ನಿಗದಿತ ಅವಧಿ ಕಳೆಯುವವರೆಗೆ ಬಾಗಿಲು ತೆರೆಯದಂತೆ ವ್ಯವಸ್ಥೆ ಮಾಡಿರುವುದು ಈ ಕಾರಣದಿಂದ. ಸರಕು ಹಿಂಪಡೆಯಲು ಬಂದವರನ್ನು ಕಾಯಿಸುವುದು ಸಿಬ್ಬಂದಿಯ ಉದಾಸೀನವೆಂದು ಭಾವಿಸಬಾರದು.

ಇದೇ ಕ್ರಿಯೆಯನ್ನು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆಯನ್ನು ಶುದ್ಧಗೊಳಿಸಲು ಬಳಸುವ ವಿಧಾನವು 1970ರ ದಶಕದಲ್ಲಿ ಜಪಾನಿನಲ್ಲಿ ಆರಂಭಗೊಂಡಿತು. ಹೊಗೆಗೆ ಎಲೆಕ್ಟ್ರಾನ್ ದೂಲವನ್ನು ಹಾಯಿಸಿದಾಗ ಅದರಲ್ಲಿರುವ ನೀರಾವಿಯಿಂದ ರ್ಯಾಡಿಕಲ್‌ಗಳು ಹುಟ್ಟಿ, ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳನ್ನು ಆಮ್ಲಗಳಾಗಿಸುತ್ತವೆ. ಅಮೋನಿಯಾ ಬೆರೆಸಿದಲ್ಲಿ ಅವು ಅಮೋನಿಯಂ ಸಲ್ಫೇಟ್ ಹಾಗೂ ಅಮೋನಿಯಂ ನೈಟ್ರೇಟ್ ಎಂಬ ಗೊಬ್ಬರಗಳಾಗುತ್ತವೆ. ಪೋಲೆಂಡ್ ದೇಶದ ಪೊಮೊರ್ಜಾನಿ ವಿದ್ಯುತ್ ಸ್ಥಾವರದಲ್ಲಿಯೂ ಈ ವಿಧಾನವನ್ನು ಅಳವಡಿಸಲಾಗಿತ್ತು.

10. ಅಣು ವಿದ್ಯುತ್ ಸ್ಥಾವರಗಳು

ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಭಾರಜಲ ರಿಯಾಕ್ಟರ್‌ಗಳಿವೆ. ಇಂತಹ ರಿಯಾಕ್ಟರ್‌ಗಳಲ್ಲಿ ಭಾರಜಲವು ಸದಾ ತೀವ್ರ ವಿಕಿರಣಕ್ಕೆ ಒಡ್ಡಿಕೊಂಡಿದ್ದು, ಒಡೆದು ಡ್ಯೂಟೀರಿಯಂ ಮತ್ತು ಆಮ್ಲಜನಕ ಅನಿಲಗಳನ್ನು ನೀಡುತ್ತದೆ. ಇವೆರಡೂ ಸೇರಿ ಶೇಖರಗೊಂಡಲ್ಲಿ ಸ್ಫೋಟದ ಸಂಭವವಿರುತ್ತದೆ. ಆದುದರಿಂದ ಭಾರಜಲದ ಮೇಲಿನ ಹೀಲಿಯಂ ಅನಿಲವನ್ನು ನಿರಂತರವಾಗಿ ಹೊರತೆಗೆದು, ವೇಗವರ್ಧಕ ವಸ್ತುವಿನ ನೆರವಿನಿಂದ ಎರಡೂ ಅನಿಲಗಳನ್ನು ಪುನಃ ಭಾರಜಲವಾಗಿಸಿ ಹಿಂದಿರುಗಿಸಲಾಗುತ್ತದೆ.

ನೀರಿನ ವಿಕಿರಣ ವಿಭಜನೆಯ ಅರಿವು ಎಷ್ಟು ಅಗತ್ಯವೆಂಬುದಕ್ಕೆ 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಸಂಭವಿಸಿದ ಅಪಘಾತವು ನಿದರ್ಶನ. ಅತಿಯಾಗಿ ಕಾದ ಜರ್ಕೋನಿಯಂ ಲೋಹವು ನೀರಾವಿಯೊಡನೆ ವರ್ತಿಸಿ ರಿಯಾಕ್ಟರ್ ಪಾತ್ರೆಯ ಮೇಲ್ಭಾಗದಲ್ಲಿ ಜಲಜನಕದ ದೊಡ್ಡ ಗುಳ್ಳೆ ನಿಂತಿತ್ತು. ವಿಕಿರಣದಿಂದ ನೀರು ಒಡೆದು ಹುಟ್ಟುವ ಆಮ್ಲಜನಕವು ಆ ಗುಳ್ಳೆಯನ್ನು ಸೇರಿ ಸ್ಫೋಟವಾಗಬಹುದೆಂದು ಕೆಲವು ಅಧಿಕಾರಿಗಳು ಲೆಕ್ಕ ಹಾಕಿದರು. ಸುತ್ತಮುತ್ತಲಿನ ಜನರು ಭೀತಿಗೊಳಗಾದರು. ಆ ಲೆಕ್ಕ ತಪ್ಪಾಗಿತ್ತು. ನೀರಿನಲ್ಲಿ ಜಲಜನಕ ಅಧಿಕವಾಗಿ ಕರಗಿದ್ದಾಗ, ಕಂಡಿಕೆ 6ರಲ್ಲಿ ತಿಳಿಸಿರುವಂತೆ, ಹುಟ್ಟಿದ ತುಣುಕುಗಳು ಪುನಃ ನೀರಾಗುತ್ತವೆಯೇ ಹೊರತು ಆಮ್ಲಜನಕ ಶೇಖರಗೊಳ್ಳುವುದಿಲ್ಲ. ಕೆಲವೇ ದಿನಗಳಲ್ಲಿ ಈ ಅಂಶ ಸ್ಪಷ್ಟಗೊಂಡು ಆತಂಕ ನಿವಾರಣೆಯಾಯಿತು. ನೀರಿನಿಂದ ತಂಪುಗೊಳಿಸುವ ಅನೇಕ ರಿಯಾಕ್ಟರ್‌ಗಳಲ್ಲಿ ನೀರಿಗೆ ಉದ್ದೇಶಪೂರ್ವಕವಾಗಿ ಅಲ್ಪ ಜಲಜನಕವನ್ನು ಬೆರೆಸುವುದು ಇದೇ ತತ್ತ್ವದ ಮೇಲೆ.

11. ಜೀವಕೋಶದಲ್ಲಿ ನಡೆಯುವ ಕ್ರಿಯೆ

ಜೀವಕೋಶವೂ ಬಹುಪಾಲು ನೀರಿನಿಂದ ಕೂಡಿದ ದ್ರಾವಣವೇ. ಎಕ್ಸ್-ಕಿರಣ ಮತ್ತು ಗಾಮಾ ಕಿರಣಗಳಿಂದ ವಂಶವಾಹಿ ವಸ್ತುವಾದ ಡಿ.ಎನ್.ಎ.ಗೆ ಆಗುವ ಹಾನಿಯಲ್ಲಿ ಸುಮಾರು ಮೂರನೆಯ ಎರಡು ಭಾಗವು ಹೈಡ್ರಾಕ್ಸಿಲ್‌ನಿಂದ ಪರೋಕ್ಷವಾಗಿ ಉಂಟಾಗುತ್ತದೆಂದು ಅಂದಾಜಿಸಲಾಗಿದೆ. ಆಮ್ಲಜನಕವು ಈ ಹಾನಿಯನ್ನು ಸ್ಥಿರಗೊಳಿಸುತ್ತದೆ. ಆಮ್ಲಜನಕ ಸಾಕಷ್ಟಿರುವ ಜೀವಕೋಶವು ಆಮ್ಲಜನಕವಿಲ್ಲದ ಜೀವಕೋಶಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಸುಲಭವಾಗಿ ವಿಕಿರಣಕ್ಕೆ ಬಲಿಯಾಗುತ್ತದೆ. ರಕ್ತಸಂಚಾರ ಕಡಿಮೆಯಿರುವ ಗಂತಿಗಳು ಕ್ಯಾನ್ಸರ್ ವಿಕಿರಣ ಚಿಕಿತ್ಸೆಗೆ ಬಗ್ಗದಿರಲು ಇದೂ ಒಂದು ಕಾರಣ.

ಜೀವಿಯ ವಂಶವಾಹಿ ವಸ್ತು ದೊಡ್ಡದಾಗಿದ್ದಷ್ಟೂ ಅದು ವಿಕಿರಣಕ್ಕೆ ಬೇಗ ಬಲಿಯಾಗುತ್ತದೆ. ಮನುಷ್ಯನಿಗೆ ಕೆಲವೇ ಗ್ರೇ ಮಾರಕವಾದರೆ, ಕೀಟಗಳ ಸಂತಾನಶಕ್ತಿ ತಡೆಯಲು ನೂರಾರು ಗ್ರೇ, ಬ್ಯಾಕ್ಟೀರಿಯಾಗಳ ನಾಶಕ್ಕೆ ಸಾವಿರಾರು ಗ್ರೇ ಬೇಕಾಗುತ್ತದೆ. ಸಂಸ್ಕರಣೆಯ ಪ್ರಮಾಣವನ್ನು ನಿಗದಿಪಡಿಸುವುದು ಈ ವ್ಯತ್ಯಾಸದ ಆಧಾರದ ಮೇಲೆ.

12. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಸಂಸ್ಕರಣೆಯ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಆಲೂಗಡ್ಡೆ, ಈರುಳ್ಳಿ ಮೊಳಕೆಯೊಡೆಯದಂತೆ ತಡೆಯಲು ಒಂದು ಕಿಲೋಗ್ರೇಯ ಅತ್ಯಲ್ಪ ಭಾಗ ಸಾಕು. ಅಮೆರಿಕಕ್ಕೆ ಕಳುಹಿಸುವ ಮಾವಿನ ಹಣ್ಣಿಗೆ ಕೀಟ ನಿಯಂತ್ರಣಕ್ಕಾಗಿ ಕನಿಷ್ಠ 0.4 ಕಿಲೋಗ್ರೇ ನೀಡಲಾಗುತ್ತದೆ. ಸಾಂಬಾರ ಪದಾರ್ಥಗಳ ಸೂಕ್ಷ್ಮಜೀವಿ ನಿವಾರಣೆಗೆ 6ರಿಂದ 14 ಕಿಲೋಗ್ರೇ ಬೇಕು.

(2) ವಸ್ತುವಿನ ತೇವಾಂಶ, ಅದು ಒಣ ಸ್ಥಿತಿಯಲ್ಲಿದೆಯೇ, ದ್ರವವೇ ಅಥವಾ ಹೆಪ್ಪುಗಟ್ಟಿದೆಯೇ ಎಂಬುದನ್ನು ನಮೂದಿಸುವುದು. ನೀರಿನಲ್ಲಿ ಕರಗಿಸಿದ ಔಷಧಿಗಳಿಗೆ ಈ ವಿಧಾನವು ಸಾಮಾನ್ಯವಾಗಿ ಸೂಕ್ತವಲ್ಲ. ಕಾರಣವನ್ನು ಕಂಡಿಕೆ 7ರಲ್ಲಿ ನೀಡಲಾಗಿದೆ. ಅದೇ ಔಷಧಿಯ ಒಣ ಪುಡಿಯನ್ನು ಪರಿಶೀಲನೆಯ ನಂತರ ಸಂಸ್ಕರಿಸಲು ಸಾಧ್ಯವಾಗಬಹುದು.

(3) ಹೊದಿಕೆಯ ವಿವರ ನೀಡುವುದು. ಪಿ.ವಿ.ಸಿ. ಪ್ಲಾಸ್ಟಿಕ್ ವಿಕಿರಣದಿಂದ ಹೈಡ್ರೋಜನ್ ಕ್ಲೋರೈಡ್ ಬಿಡುಗಡೆ ಮಾಡಿ ಬಣ್ಣಗೆಡಬಹುದು. ಸಾಧಾರಣ ಪಾಲಿಪ್ರೊಪಿಲೀನ್ ಪೆಡಸಾಗಿ ಮುರಿಯಬಹುದು.

(4) ಆಹಾರ ಸಂಸ್ಕರಣಾ ಘಟಕವು 2012ರ ಅಣುಶಕ್ತಿ (ಆಹಾರ ಮತ್ತು ಸಂಬಂಧಿತ ಉತ್ಪನ್ನಗಳ ವಿಕಿರಣ ಸಂಸ್ಕರಣೆ) ನಿಯಮಗಳ ಅನ್ವಯ ಪರವಾನಗಿ ಹೊಂದಿರತಕ್ಕದ್ದು. ಪರವಾನಗಿ ಇಲ್ಲದ ಕಡೆ ಸರಕನ್ನು ಒಪ್ಪಿಸಬಾರದು. ರಾಜ್ಯದಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಸಂಸ್ಕರಣಾ ಘಟಕ ಸ್ಥಾಪನೆಗೊಂಡಿದೆ.

(5) ಸಂಸ್ಕರಿಸಿದ ಆಹಾರದ ಪೊಟ್ಟಣದ ಮೇಲೆ ವಿಕಿರಣದಿಂದ ಸಂಸ್ಕರಿಸಲಾಗಿದೆ ಎಂಬ ಘೋಷಣೆ, ದಿನಾಂಕ, ಪರವಾನಗಿ ಸಂಖ್ಯೆ, ಉದ್ದೇಶ ಹಾಗೂ ನಿಗದಿತ ಹಸಿರು ಚಿಹ್ನೆ ಇರತಕ್ಕದ್ದು.

(6) ಸರಕಿನ ಜೊತೆ ಪ್ರಮಾಣದ ಅಳತೆಯ ದೃಢೀಕರಣ ಪತ್ರವನ್ನು ಕೇಳಿ ಪಡೆಯುವುದು. ಪೊಟ್ಟಣದ ಹೊರಗೂ ಒಳಗೂ ಪ್ರಮಾಣ ಒಂದೇ ಆಗಿರುವುದಿಲ್ಲವಾದ್ದರಿಂದ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಗಮನಿಸಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಸ್ಕರಿಸಿದ ಆಹಾರ ಅಥವಾ ನೀರು ವಿಕಿರಣಶೀಲವಾಗುತ್ತದೆಯೇ?
ಉತ್ತರ: ಇಲ್ಲ. ಕೋಬಾಲ್ಟ್-60ರ ಗಾಮಾ ಕಿರಣದ ಶಕ್ತಿಯು ಎಲೆಕ್ಟ್ರಾನುಗಳನ್ನು ಕದಲಿಸಲು ಸಾಕಾಗುತ್ತದೆ. ಆಹಾರದಲ್ಲಿರುವ ಪರಮಾಣುಗಳ ಬೀಜವನ್ನು ಮಾರ್ಪಡಿಸಿ ವಿಕಿರಣಶೀಲಗೊಳಿಸಲು ಸಾಲದು. ವಸ್ತುವು ವಿಕಿರಣ ಮೂಲವನ್ನು ಎಂದೂ ಸ್ಪರ್ಶಿಸುವುದಿಲ್ಲ. ಯಂತ್ರಗಳ ಎಲೆಕ್ಟ್ರಾನ್ ದೂಲದ ಶಕ್ತಿಯನ್ನು ಒಂದು ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗೆ ಮಿತಿಗೊಳಿಸಿರುವುದೂ ಇದೇ ಎಚ್ಚರಿಕೆಯಿಂದ.

ಪ್ರಶ್ನೆ: ಆಹಾರದಲ್ಲಿ ಹುಟ್ಟಿದ ರ್ಯಾಡಿಕಲ್‌ಗಳು ತಿನ್ನುವವರಿಗೆ ಅಪಾಯಕಾರಿಯೇ?
ಉತ್ತರ: ತೇವಾಂಶವುಳ್ಳ ಆಹಾರದಲ್ಲಿ ಇವು ಕ್ಷಣಮಾತ್ರದಲ್ಲಿ ಕ್ರಿಯೆಗೊಳಗಾಗಿ ಇಲ್ಲವಾಗುತ್ತವೆ. ವಿಶ್ವಸಂಸ್ಥೆಯ ಆಹಾರ, ಅಣುಶಕ್ತಿ ಹಾಗೂ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು 10 ಕಿಲೋಗ್ರೇವರೆಗಿನ ಸಂಸ್ಕರಣೆಯಿಂದ ಆಹಾರಕ್ಕೆ ವಿಷಕಾರಿ ದೋಷ ಉಂಟಾಗುವುದಿಲ್ಲವೆಂದು 1980ರಲ್ಲಿ ತೀರ್ಮಾನಿಸಿತು.

ಪ್ರಶ್ನೆ: ಕೆಟ್ಟಿರುವ ಆಹಾರವನ್ನು ವಿಕಿರಣದಿಂದ ಸರಿಪಡಿಸಬಹುದೇ?
ಉತ್ತರ: ಸಾಧ್ಯವಿಲ್ಲ. ಸೂಕ್ಷ್ಮಜೀವಿಗಳು ನಾಶವಾದರೂ ಅವು ಅದಾಗಲೇ ಉತ್ಪಾದಿಸಿದ ವಿಷವಸ್ತು, ದುರ್ವಾಸನೆಗಳು ಉಳಿಯುತ್ತವೆ. ಉತ್ತಮ ಗುಣಮಟ್ಟದ ಸರಕನ್ನು ಮಾತ್ರ ಸಂಸ್ಕರಣೆಗೆ ಒಪ್ಪಿಸತಕ್ಕದ್ದು.

ಪ್ರಶ್ನೆ: ಹೆಚ್ಚು ಪ್ರಮಾಣ ನೀಡಿದರೆ ಹೆಚ್ಚು ಒಳ್ಳೆಯದಲ್ಲವೇ?
ಉತ್ತರ: ಅಲ್ಲ. ಉದ್ದೇಶಕ್ಕಿಂತ ಅಧಿಕ ಪ್ರಮಾಣ ನೀಡಿದಲ್ಲಿ ಹಣ್ಣು ಮೆತ್ತಗಾಗುವುದು, ಎಣ್ಣೆಯಂಶವುಳ್ಳ ಪದಾರ್ಥಗಳಲ್ಲಿ ಕಮಟು ವಾಸನೆ ಬರುವುದು ಸಂಭವಿಸುತ್ತದೆ. ಉದ್ದೇಶಕ್ಕೆ ತಕ್ಕ ಪ್ರಮಾಣವೇ ಸರಿಯಾದ ಪ್ರಮಾಣ.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಜಾರಿಯಲ್ಲಿರುವ ಅಧಿನಿಯಮ ಹಾಗೂ ನಿಯಮಗಳ ಉಪಬಂಧಗಳೇ ಅಂತಿಮವಾಗಿರುತ್ತವೆ.